ನೂರರಲ್ಲಿ ಐದು ಕೊಳೆತರೆ

ಮುದ್ದೇಬಿಹಾಳದ ಸಂತೆಯಲ್ಲಿ ನಾಲ್ಕು ನಿಂಬೆಹಣ್ಣು ಕೊಳ್ಳಲು ನಿಂತರೂ ನನ್ನ ಕೈಗಳು ಐದನ್ನು ಎತ್ತುತ್ತವೆ. ಬಲಗೈಗೆ ಮೂರು, ಎಡಗೈಗೆ ಎರಡು. ತಲೆಗೆ ಸುದ್ದಿ ಮುಟ್ಟುವ ಮೊದಲೇ ಕೈ ಕೆಲಸ ಮುಗಿಸಿರುತ್ತದೆ. ಹೋದ ವಾರ ಮಾರುವ ಹೆಂಗಸು ಅದನ್ನು ನೋಡಿ, ಇಂಡಿ ಕಡೆಯವರೇನ್ರಿ ಎಂದು ಕೇಳಿದಳು. ನನ್ನ ಮಾತಿನಿಂದ ಊರು ಗುರುತಿಸಿದವರಿದ್ದಾರೆ, ಅಡ್ಡಹೆಸರಿನಿಂದ ಗುರುತಿಸಿದವರಿದ್ದಾರೆ. ಕೈಯಿಂದ ಗುರುತಿಸಿದವಳು ಇವಳೊಬ್ಬಳೇ.

ಇದು ನಿಮಗೆ ತಿಳಿಯಬೇಕಾದರೆ ನಮ್ಮ ಮನೆಯ ಎಣಿಕೆಯ ರೀತಿ ಹೇಳಬೇಕು. ಇಂಡಿಯ ಹತ್ತಿರದ ನಮ್ಮ ಹೊಲದ ಬದುವಿಗೆ ಒಂದಷ್ಟು ನಿಂಬೆ ಗಿಡಗಳಿದ್ದವು. ಹಣ್ಣು ಬಿಡಿಸಿ ರಾಶಿ ಹಾಕಿ, ಅಪ್ಪ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಎರಡೂ ಕೈ ಸೇರಿ ಒಮ್ಮೆಗೆ ಐದು. ಅದಕ್ಕೆ ಒಂದು ಕೈ ಎಂದು ಹೆಸರು. ಮೊದಲ ಕೈಗೆ ಒಂದು ಅನ್ನುವಂತಿಲ್ಲ, ಲಾಭ ಅನ್ನಬೇಕು. ಲಾಭ, ಎರಡು, ಮೂರು ಎನ್ನುತ್ತ ಇಪ್ಪತ್ತು ಕೈ ಆದರೆ ನೂರು. ಆಮೇಲೆ ಅಪ್ಪ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈ ಹಾಕುತ್ತಿದ್ದ. ಅದು ಕೊಸರು. ದಾರಿಯಲ್ಲಿ ನಾಲ್ಕಾರು ಹಣ್ಣು ಕೊಳೆಯುತ್ತವೆ, ಕೊಂಡವನಿಗೆ ನೂರು ಮುಟ್ಟಬೇಕು ಎಂಬ ಕಾಳಜಿ. ಆ ಐದನ್ನು ಬಾಯಿಬಿಟ್ಟು ಎಣಿಸಬಾರದು. ಹೀಗಾಗಿ ನಮ್ಮ ಮನೆಯ ಮಕ್ಕಳಿಗೆ ನೂರು ಎಂದರೆ ಅದರೊಳಗೆ ನೂರಾ ಐದು ಇರುತ್ತದೆಂದು ಬೇರೆ ಹೇಳಿಕೊಡಬೇಕಾಗಿರಲಿಲ್ಲ.

ಈಗ ನಾನು ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಧಾರವಾಡದಲ್ಲಿ ಎರಡು ವರ್ಷ ಅದನ್ನೇ ಓದಿ, ಯಾರು ಏನು ಹೇಳಿದರೂ ಎಷ್ಟು ಜನರನ್ನು ಕೇಳಿ ಹೇಳುತ್ತೀರಿ ಎಂದು ಎದುರು ಪ್ರಶ್ನೆ ಹಾಕುವ ಚಟ ಹತ್ತಿಸಿಕೊಂಡು ಬಂದವನು. ಹೆಂಡತಿ ಸಾರಿಗೆ ಉಪ್ಪು ಜಾಸ್ತಿಯಾಗಿದೆಯೇ ಎಂದರೂ, ಒಂದೇ ತುತ್ತಿನಿಂದ ಹೇಳಲಾಗದು ಎಂದು ಬೈಸಿಕೊಂಡಿದ್ದೇನೆ. ಇಷ್ಟೆಲ್ಲ ಅನುಮಾನದ ಮನುಷ್ಯ ಒಂದು ಕತೆಯನ್ನು ಮಾತ್ರ ಇಪ್ಪತ್ತೈದು ವರ್ಷ ಅನುಮಾನವಿಲ್ಲದೆ ಹೇಳಿಕೊಂಡು ಬಂದಿದ್ದೆ. ಅದು ನನ್ನ ಅಕ್ಕ ಮಹಾದೇವಿಯ ಕತೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಹತ್ತನೆಯ ತರಗತಿಯಲ್ಲಿ ಉಳಿದೆಲ್ಲ ವಿಷಯ ಪಾಸಾಗಿ ಗಣಿತವೊಂದರಲ್ಲಿ ಉಳಿದಳು. ಕತೆ ಏನೆಂದರೆ, ಪರೀಕ್ಷೆಯಲ್ಲಿ ಒಂದು ಲೆಕ್ಕ ಬಂದಿತ್ತು: ಬುಟ್ಟಿಯಲ್ಲಿ ನೂರು ನಿಂಬೆಹಣ್ಣುಗಳಿವೆ, ಐದು ಕೊಳೆತಿವೆ, ಕಣ್ಣುಮುಚ್ಚಿ ಒಂದನ್ನು ತೆಗೆದರೆ ಅದು ಒಳ್ಳೆಯ ಹಣ್ಣಾಗುವ ಸಂಭವನೀಯತೆ ಎಷ್ಟು? ಪುಸ್ತಕದ ಉತ್ತರ ನೂರರಲ್ಲಿ ತೊಂಬತ್ತೈದು. ಅಕ್ಕ ನೂರಾ ಐದರಲ್ಲಿ ನೂರು ಎಂದು ಬರೆದಳು. ಕೊಳೆತ ಐದು ಕೊಸರಿನೊಳಗೇ ಹೋದವಲ್ಲ! ಮೌಲ್ಯಮಾಪಕರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು, ಆ ಒಂದೇ ಲೆಕ್ಕದಿಂದ ಅಕ್ಕ ಫೇಲಾದಳು. ಈ ಕತೆಯನ್ನು ನಾನು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಪ್ರತಿ ಬಾರಿಯೂ ಹೇಳುತ್ತಿದ್ದೆ, ಅವರು ಪ್ರತಿ ಬಾರಿಯೂ ನಗುತ್ತಿದ್ದರು. ಅಕ್ಕನ ಮದುವೆಯ ಬೀಗರೂಟದಲ್ಲಿ ಅವಳ ಅತ್ತೆಯೆದುರಿಗೂ ಹೇಳಿದ್ದೇನೆ. ಅಕ್ಕನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಆ ಅಕ್ಕ ಹೋದ ವರ್ಷ ಗೊಳಸಂಗಿಯಿಂದ ಫೋನು ಮಾಡಿದಳು. ಅವಳು ಅಲ್ಲಿಯ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳನ್ನು ಕರೆತರುವುದು, ಕಸ ಗುಡಿಸುವುದು, ಅಡುಗೆ ಮಾಡುವುದು ಅವಳ ಕೆಲಸ. ಪಾಠ ಹೇಳುವ ಕಾರ್ಯಕರ್ತೆ ಬೇರೆ. ಆ ಕಾರ್ಯಕರ್ತೆ ನಿವೃತ್ತಿಯಾಗುವವರಿದ್ದರು. ಅಕ್ಕನಿಗೆ ಹತ್ತನೆಯದು ಪಾಸಾಗಿದ್ದರೆ ಆ ಜಾಗಕ್ಕೆ ಅವಳನ್ನೇ ತೆಗೆದುಕೊಳ್ಳುವುದಾಗಿ ಮೇಲಿನವರು ಹೇಳಿದ್ದರಂತೆ. ಇಲ್ಲದಿದ್ದರೆ ಹೊರಗಿನಿಂದ ಯಾರೋ ಬರುತ್ತಾರೆ, ಅಕ್ಕ ಮತ್ತೆ ಅವರ ಕೈಕೆಳಗೆ ಕಸಬರಿಗೆ ಹಿಡಿಯಬೇಕು. ಹದಿನಾರು ವರ್ಷದಿಂದ ಮಕ್ಕಳಿಗೆ ಅ ಆ ತಿದ್ದಿಸಿದವಳೂ ಅವಳೇ ಎನ್ನುವುದು ಊರಿಗೆಲ್ಲ ಗೊತ್ತಿತ್ತು, ಕಾಗದಕ್ಕೆ ಗೊತ್ತಿರಲಿಲ್ಲ.

"ಗಣಿತ ಒಂದ ಕಟ್ಟಬೇಕು ತಮ್ಮಾ. ನೀ ಕಲಿಸಿದ್ರ ಕಟ್ತೇನಿ, ಇಲ್ಲಂದ್ರ ಇಲ್ಲ" ಎಂದಳು.

ನಾನು ದೊಡ್ಡ ಮನುಷ್ಯನಂತೆ ಒಪ್ಪಿಕೊಂಡು ಮುಂದಿನ ರವಿವಾರವೇ ಗೊಳಸಂಗಿಗೆ ಹೋದೆ. ಖಾಸಗಿಯಾಗಿ ಕಟ್ಟುವವರು ಹಳೆಯ ಅಂಕಪಟ್ಟಿ ಲಗತ್ತಿಸಬೇಕಿತ್ತು. ಅಕ್ಕ ಟ್ರಂಕಿನಿಂದ ಅದನ್ನು ತೆಗೆದು, ನನ್ನ ಕೈಗೆ ಕೊಡುವಾಗ ಒಂದು ಗಳಿಗೆ ಬಿಡಲಿಲ್ಲ. ಇಬ್ಬರೂ ಎರಡು ತುದಿ ಹಿಡಿದುಕೊಂಡಿದ್ದೆವು. ಆಮೇಲೆ ಬಿಟ್ಟಳು. ಕನ್ನಡ, ಇಂಗ್ಲಿಷು, ಹಿಂದಿ ಎಲ್ಲದರ ಮುಂದೆಯೂ ಅಂಕಿಗಳಿದ್ದವು. ಗಣಿತದ ಮುಂದೆ ಅಂಕಿಯೇ ಇರಲಿಲ್ಲ. ಗೈರುಹಾಜರಿಯ ಗುರುತಿತ್ತು.

ಒಂದೇ ಲೆಕ್ಕ ತಪ್ಪಿದ್ದಕ್ಕೆ ಯಾರನ್ನೂ ಗೈರುಹಾಜರು ಎನ್ನುವುದಿಲ್ಲ. ಅಷ್ಟು ತರ್ಕ ನನಗೂ ಬರುತ್ತದೆ. ಹಂಗಾದರೆ ಆ ನಿಂಬೆಹಣ್ಣಿನ ಲೆಕ್ಕ ಎಂದೆ.

"ಅದು ನಿಂದು" ಎಂದಳು ಅಕ್ಕ. "ಐದನೇತ್ತಾದಾಗ ನೀ ಬರದಿದ್ದು. ಮಾಸ್ತರು ಕೆಂಪ ಪೆನ್ನಿನಿಂದ ಗೀಟ ಹೊಡದಿದ್ರು. ನೋಟಬುಕ್ಕ ಎದಿಗವಚಿಕೊಂಡು ಅಳಕೋಂತ ಬಂದಿದ್ದಿ. ನಾನ ಬೆಲ್ಲ ಕೊಟ್ಟು ಸುಮ್ಮ ಮಾಡಿದ್ದೆ."

ನಾನು ಒಪ್ಪಲಿಲ್ಲ. ಐದನೆಯ ತರಗತಿಯಲ್ಲಿ ಎಲ್ಲಿಯ ಸಂಭವನೀಯತೆ ಎಂದು ವಾದ ಮಾಡಿದೆ. ಅಲ್ಲಿ ಅದು ಬರೀ ಕಳೆಯುವ ಲೆಕ್ಕವಾಗಿತ್ತಂತೆ. ನೂರು ಹಣ್ಣಿನಲ್ಲಿ ಐದು ಕೊಳೆತರೆ ಉಳಿದವೆಷ್ಟು? ನಾನು ನೂರು ಎಂದು ಬರೆದಿದ್ದೆನಂತೆ. ವರ್ಷ ಕಳೆದಂತೆ, ನಾನು ಓದಿದಂತೆಲ್ಲ ಲೆಕ್ಕವೂ ಓದುತ್ತ ಹೋಗಿ ಪದವಿ ಪಡೆದಿರಬೇಕು.

ಆ ದಿನ ಬೈಕಿನಲ್ಲಿ ಮುದ್ದೇಬಿಹಾಳಕ್ಕೆ ವಾಪಸಾಗುವಾಗ ದಾರಿಯುದ್ದಕ್ಕೂ ಇದನ್ನೇ ತಿರುವಿ ಹಾಕಿದೆ. ನನ್ನ ನೆನಪಿನಲ್ಲಿ ಆ ಕೆಂಪು ಗೆರೆ ಬಹಳ ಹತ್ತಿರದಲ್ಲಿದೆ. ಶಾಯಿ ಕಾಗದದ ಆಚೆ ಬದಿಗೂ ಇಳಿದದ್ದು ಕಾಣುತ್ತದೆ. ಆದರೆ ಬೋರ್ಡಿನ ಪರೀಕ್ಷೆಯ ಉತ್ತರಪತ್ರಿಕೆಯನ್ನು ನಾನು ಎಲ್ಲಿ ನೋಡಲು ಸಾಧ್ಯವಿತ್ತು? ಅಕ್ಕನೇ ನೋಡುವಂತಿರಲಿಲ್ಲ. ಯಾರೂ ನೋಡಿರಲಾರದ ಕಾಗದದ ಮೇಲಿನ ಗೆರೆಯನ್ನು ಇಪ್ಪತ್ತೈದು ವರ್ಷ ವರ್ಣಿಸಿದ್ದೆ, ನೀವೆಲ್ಲಿ ನೋಡಿದಿರಿ ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಅಕ್ಕ ಹೇಳಿದ್ದೇ ಖರೆ ಇರಬೇಕು. ಪೂರಾ ಖಾತ್ರಿ ನನಗೆ ಈಗಲೂ ಇಲ್ಲ, ಆದರೆ ಬೆಲ್ಲದ ವಿಷಯ ಬಂದ ಮೇಲೆ ನನ್ನ ಪಕ್ಷ ಬಹಳ ದುರ್ಬಲವಾಯಿತು.

ಹಾಗಿದ್ದರೆ ಆ ಗಣಿತದ ದಿನ ಅಕ್ಕ ಎಲ್ಲಿಗೆ ಹೋಗಿದ್ದಳು? ಅದನ್ನು ಅವಳು ಹೇಳಿದ್ದು ಮುಂದಿನ ರವಿವಾರ, ರೊಟ್ಟಿ ಬಡಿಯುತ್ತ, ನನ್ನ ಕಡೆ ಬೆನ್ನು ಮಾಡಿಕೊಂಡು. ಇಂಡಿಯ ಪರೀಕ್ಷಾ ಕೇಂದ್ರದ ಬಾಗಿಲವರೆಗೂ ಹೋಗಿದ್ದಳು. ಒಳಗೆ ಸಾಲು ಬೆಂಚು, ಗೋಡೆಯ ಮೇಲೆ ನಂಬರು ನೋಡಿ ಎದೆ ಹಾರಿತು. ತಿರುಗಿ ಬಸ್‌ಸ್ಟ್ಯಾಂಡಿಗೆ ಬಂದಳು. ನಿಂತಿದ್ದ ಬಸ್ಸು ಸಿಂದಗಿಯದು, ಹತ್ತಿದಳು. ಸಿಂದಗಿಯಲ್ಲಿ ಇಳಿದು ಮಿರ್ಚಿಭಜಿ ತಿಂದು, ಬಂದ ಬಸ್ಸಿನಲ್ಲೇ ವಾಪಸಾದಳು. ಪರೀಕ್ಷೆ ಬಿಡುವ ಹೊತ್ತಿಗೆ ಸರಿಯಾಗಿ ಗೆಳತಿಯರ ಜೊತೆ ಕೂಡಿಕೊಂಡು ಮನೆಗೆ ಬಂದಳು. ಪೇಪರ್ ಹೆಂಗಿತ್ತು ಎಂದು ಅಪ್ಪ ಕೇಳಿದ್ದಕ್ಕೆ ಖಾರ ಇತ್ತು ಎಂದಳಂತೆ. ಅಷ್ಟು ಮಾತ್ರ ಸುಳ್ಳಾಗಿರಲಿಲ್ಲ.

ನನಗೆ ನಗು ಬಂತು, ಅವಳ ಬೆನ್ನು ನೋಡಿ ನಿಂತುಹೋಯಿತು. ಇಷ್ಟು ವರ್ಷ ನಾನು ಆ ಸುಳ್ಳು ಕತೆ ಹೇಳುವಾಗ ನೀನು ಯಾಕೆ ಸುಮ್ಮನಿದ್ದೆ ಎಂದು ಅಕ್ಕನನ್ನು ಕೇಳಿದೆ.

ಅಕ್ಕ ರೊಟ್ಟಿ ತಿರುವಿ ಹಾಕಿದಳು. "ನಿನ್ನ ಕತಿ ಚಲೋ ಇತ್ತೋ. ಲೆಕ್ಕ ತಪ್ಪ್ಯಾಳ ಅಂದ್ರ ಮಂದಿ ನಗತಾರ, ನಕ್ಕು ಬಿಡತಾರ. ಅಂಜಿ ಓಡಿಹೋಗ್ಯಾಳ ಅಂದ್ರ ನಗೂದಿಲ್ಲ. ಅದನ್ನ ನೆಪ್ಪಿಟ್ಟಕೋತಾರ."

ಅಂದರೆ ಅಕ್ಕನಿಗೆ ಕಲಿಸಬೇಕಾದದ್ದು ಗಣಿತವಷ್ಟೇ ಅಲ್ಲ ಎಂದು ನನಗೆ ಆಗ ಗೊತ್ತಾಯಿತು. ಬಾಗಿಲು ದಾಟುವುದನ್ನು ಹೇಗೆ ಕಲಿಸುವುದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗಣಿತ. ಅದನ್ನೇ ಕಲಿಸಿದೆ.

ಕಲಿಸಿದೆ ಅನ್ನುವುದೂ ಸ್ವಲ್ಪ ಜಾಸ್ತಿಯಾಯಿತು. ಮೊದಲ ದಿನವೇ ಘಾತಾಂಕದಲ್ಲಿ ಸಿಕ್ಕಿಕೊಂಡೆವು. ಎರಡರ ಘಾತ ಮೂರು ಎಂದರೆ ಎಂಟು, ಘಾತ ಎರಡು ಎಂದರೆ ನಾಲ್ಕು, ಘಾತ ಒಂದು ಎಂದರೆ ಎರಡು, ಎಲ್ಲ ಸರಿ. ಘಾತ ಸೊನ್ನೆಯಾದರೆ ಒಂದು ಹೇಗೆ? ಏನೂ ಇಲ್ಲದಲ್ಲಿ ಒಂದು ಎಲ್ಲಿಂದ ಬಂತು ಎಂದು ಅವಳ ತಕರಾರು. ನಾನು ಎಂಟು, ನಾಲ್ಕು, ಎರಡು ಎಂದು ಅರ್ಧರ್ಧ ಮಾಡುತ್ತ ಬಂದು ತೋರಿಸಿದೆ. ಅವಳು ಮುಖ ಸಿಂಡರಿಸಿಕೊಂಡೇ ಇದ್ದಳು. ಆಮೇಲೆ ಒಣಗಿದ ಸೀರೆ ಮಡಚಲು ಎದ್ದಳು. ಒಮ್ಮೆ ಮಡಚಿದಳು, ಇನ್ನೊಮ್ಮೆ ಮಡಚಿದಳು, ನಿಂತಳು. ಮತ್ತೆ ಪೂರ್ತಿ ಬಿಚ್ಚಿದಳು.

"ಒಂದ ಸಲ ಮಡಚಿದ್ರ ಎರಡ ಪದರ, ಎರಡ ಸಲಕ್ಕ ನಾಕು. ಮಡಚದಿದ್ರೂ ಸೀರಿ ಒಂದ ಪದರ ಇದ್ದ ಇರತೈತಿ ನೋಡು" ಎಂದಳು.

ಇಷ್ಟು ವರ್ಷ ಕಾಲೇಜಿನಲ್ಲಿ ಕಲಿಸಿದರೂ ನನಗೆ ಇದು ಹೊಳೆದಿರಲಿಲ್ಲ. ಮಾರನೆಯ ದಿನವೇ ನನ್ನ ತರಗತಿಯಲ್ಲಿ ನನ್ನದೇ ಎಂಬಂತೆ ಹೇಳಿದೆ. ಹೇಗೂ ಅಕ್ಕನ ಹೆಸರಿನಲ್ಲಿ ನನ್ನ ತಪ್ಪು ಹೇಳಿದವನು, ನನ್ನ ಹೆಸರಿನಲ್ಲಿ ಅವಳ ಜಾಣತನ ಹೇಳಲು ನಾಚಿಕೆ ಯಾಕೆ?

ಎಣಿಕೆಯ ಪಾಠ ಪರೀಕ್ಷೆಗೆ ಬರುತ್ತದೋ ಇಲ್ಲವೋ, ಸಂಭವನೀಯತೆಗೆ ಮೊದಲು ಅದು ಬೇಕೆಂದು ಅಂಗನವಾಡಿಯ ಮಕ್ಕಳನ್ನೇ ಉದಾಹರಣೆಗೆ ತೆಗೆದುಕೊಂಡೆ. ಸಿದ್ದು, ಮಲ್ಲು, ಭಾಗ್ಯ ಮೂವರನ್ನು ಒಂದು ಸಾಲಿನಲ್ಲಿ ಎಷ್ಟು ರೀತಿ ಕೂಡಿಸಬಹುದು? ಮೂರು ಗುಣಿಸು ಎರಡು ಗುಣಿಸು ಒಂದು, ಆರು. ಅಕ್ಕ ಯೋಚಿಸದೆ ಎರಡು ಎಂದಳು. ತಪ್ಪು ಎಂದೆ. ಬಂದು ಕೂಡಿಸಿ ನೋಡು ಎಂದಳು. ಸಿದ್ದು ಮಲ್ಲು ಒಬ್ಬರ ಪಕ್ಕ ಒಬ್ಬರು ಕೂತರೆ ಕೂದಲು ಹಿಡಿದು ಜಗಳಾಡುತ್ತಾರೆ, ಭಾಗ್ಯ ನಡುವೆಯೇ ಇರಬೇಕು, ಅಂದಮೇಲೆ ಎರಡೇ ರೀತಿ. ನಾನು ಕಾಗದದ ಮೇಲೆ ಬರೆದು ನೋಡಿದೆ. ಜಗಳದ ಷರತ್ತು ಹಾಕಿದರೆ ಉತ್ತರ ಎರಡೇ. ಪುಸ್ತಕದ ಲೆಕ್ಕಕ್ಕಿಂತ ಕಠಿಣವಾದ ಲೆಕ್ಕವನ್ನು ಅವಳು ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಬಿಡಿಸುತ್ತಿದ್ದಳು.

ಸಂಭವನೀಯತೆ ಬಂದಾಗ ಮಾತ್ರ ನಿಜವಾದ ಜಗಳವಾಯಿತು. ಚೀಲದಲ್ಲಿ ಆರು ಹಸಿರು ನಿಂಬೆ, ನಾಲ್ಕು ಹಳದಿ ನಿಂಬೆ, ನೋಡದೆ ತೆಗೆದರೆ ಹಳದಿ ಬರುವ ಸಂಭವನೀಯತೆ ಎಷ್ಟು? ಹತ್ತರಲ್ಲಿ ನಾಲ್ಕು ಎಂದು ಬರೆಯಬೇಕು. ಅವಳು ಬರೆಯಲಿಲ್ಲ. ಹಳದಿ ಹಣ್ಣು ಮೆತ್ತಗಿರುತ್ತದೆ, ತೊಗಲು ತೆಳು, ಕಣ್ಣು ಮುಚ್ಚಿದರೂ ಬೆರಳಿಗೆ ತಿಳಿಯುತ್ತದೆ, ಹತ್ತಕ್ಕೆ ಹತ್ತು ಸಲ ಹಳದಿಯನ್ನೇ ತೆಗೆದು ತೋರಿಸಲೇ ಎಂದಳು. ನಾನು ನಿಂಬೆಯನ್ನು ಬಿಟ್ಟು ಚೀಲಕ್ಕೆ ಗೋಲಿ ತುಂಬಿದೆ. ಬಣ್ಣ ಬೇರೆ, ಮೈ ಒಂದೇ. ಆಗ ಒಪ್ಪಿದಳು, ಆದರೆ ಗೋಲಿಯಿಂದ ಯಾರಿಗೇನು ಉಪಯೋಗ ಎಂಬ ಮುಖ ಹಾಗೇ ಇತ್ತು.

ಪುಸ್ತಕಕ್ಕೂ ಊರಿಗೂ ಈ ತಕರಾರು ಹಳೆಯದೇ. ನಾನು ಪಿಯುಸಿ ಓದುವಾಗ ಸದಿಶಗಳ ಪಾಠದಲ್ಲಿ ದೋಣಿಯ ಲೆಕ್ಕವಿತ್ತು. ನದಿ ಒಂದು ಕಡೆ ಹರಿಯುತ್ತದೆ, ದೋಣಿ ಅಡ್ಡ ಹೋಗುತ್ತದೆ, ಎರಡು ಬಾಣದ ಗೆರೆ ಕೂಡಿಸಿದರೆ ದೋಣಿ ಓರೆಯಾಗಿ ಹೋಗುವ ದಾರಿ ಸಿಗುತ್ತದೆ. ನಮ್ಮ ಜೊತೆ ಕೊಲ್ಹಾರದ ಒಬ್ಬ ಹುಡುಗನಿದ್ದ. ಅವನು ಎದ್ದು ನಿಂತು, ನಮ್ಮೂರಾಗ ಹೊಳಿ ಹರಿಯೂದಿಲ್ರಿ ಸರ್, ನಿಂತೈತಿ ಎಂದ. ಅಣೆಕಟ್ಟಿನ ಹಿನ್ನೀರು. ಅವರ ಹಳೆಯ ಮನೆಯೂ ಅದರ ಕೆಳಗೇ ಇತ್ತು. ಸರ್ ನೀರಿನ ಬಾಣವನ್ನು ಅಳಿಸಿ ಅಲ್ಲಿ ಸೊನ್ನೆ ಬರೆದು, ಹಂಗಾದ್ರ ನಿಮ್ಮ ದೋಣಿ ಸೀದಾ ಹೋಗತೈತಿ ಎಂದರು. ಅಥವಾ ಹಾಗೆ ಅನ್ನಲಿಲ್ಲವೋ ಏನೋ. ನಿಂಬೆಹಣ್ಣಿನ ಪ್ರಕರಣದ ನಂತರ ನಾನು ಇಂಥ ಚಂದದ ಮಾತುಗಳನ್ನು ಇನ್ನೊಬ್ಬರ ಬಾಯಿಗೆ ಹಾಕಲು ಅಂಜುತ್ತೇನೆ. ಹುಡುಗ ಎದ್ದು ನಿಂತದ್ದಂತೂ ಖರೆ.

ಚಳಿಗಾಲ ಕಳೆಯುವ ಹೊತ್ತಿಗೆ ಅಕ್ಕ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಿಡಿಸುತ್ತಿದ್ದಳು. ಅಕ್ಕನ ಗಂಡ ಈರಪ್ಪ ಮಾವ ಕಟ್ಟೆಯ ಮೇಲೆ ಕೂತು, ಲೆಕ್ಕದ ಸಲುವಾಗಿ ಪಲ್ಯಕ್ಕ ಉಪ್ಪ ಮರತಾಳ್ರಿ ಎಂದು ಹೋಗಿಬರುವವರಿಗೆ ದೂರು ಹೇಳುತ್ತಿದ್ದ. ದೂರಿನ ದನಿಯಲ್ಲಿ ಹೆಮ್ಮೆಯೇ ಜಾಸ್ತಿ ಇತ್ತು. ಎಲ್ಲರೂ ಪಾಸಾಗುತ್ತಾಳೆ ಎನ್ನುತ್ತಿದ್ದರು. ಸಿಂದಗಿ ಬಸ್ಸಿನ ವಿಷಯ ಗೊತ್ತಿದ್ದವನು ನಾನೊಬ್ಬನೇ. ಮಾವನಿಗೂ ಅವಳು ಹೇಳಿರಲಿಲ್ಲ.

ಪರೀಕ್ಷೆ ಬಸವನ ಬಾಗೇವಾಡಿಯಲ್ಲಿ. ಬೆಳಿಗ್ಗೆ ನಾನೇ ಬೈಕಿನಲ್ಲಿ ಕರೆದುಕೊಂಡು ಹೋದೆ. ಗೇಟಿನಲ್ಲಿದ್ದ ಪೇದೆ ಅವಳ ಇಸ್ತ್ರಿ ಸೀರೆ, ಕನ್ನಡಕ ನೋಡಿ ನಮಸ್ಕಾರ ಮಾಡಿ, ಮೇಲ್ವಿಚಾರಕರ ಖೋಲಿ ಆ ಕಡೆ ಇದೆ ಎಂದು ತೋರಿಸಿದ. ನಾ ಬರಿಯಾಕ ಬಂದೀನ್ರಿ ಎಂದಳು. ಅವನು ನಾಲಿಗೆ ಕಚ್ಚಿಕೊಂಡ. ಸುತ್ತ ಹದಿನೈದು ಹದಿನಾರರ ಮಕ್ಕಳು ಕೊನೆಯ ಪುಟ ತಿರುವುತ್ತಿದ್ದರು. ಅಕ್ಕ ಗೇಟಿಗೆ ಎರಡು ಹೆಜ್ಜೆ ಹಿಂದೆ ನಿಂತುಬಿಟ್ಟಳು. ಒಳಗಿನ ಗೋಡೆಯ ಮೇಲೆ ನಂಬರಿನ ಪಟ್ಟಿ ಅಂಟಿಸಿದ್ದು ಇಲ್ಲಿಂದಲೇ ಕಾಣುತ್ತಿತ್ತು.

"ತಮ್ಮಾ, ಇಲ್ಲಿಂದ ಬಸ್‌ಸ್ಟ್ಯಾಂಡ್ ಎಷ್ಟ ದೂರ ಐತಿ?"

ಅದರ ಮುಂದಿನಿಂದಲೇ ಬಂದಿದ್ದೆವು. "ನಂಗೇನು ಗೊತ್ತು" ಎಂದೆ.

ಅಕ್ಕ ನನ್ನ ಮುಖ ನೋಡಿದಳು. "ಸುಳ್ಳ ಹೇಳಾಕೂ ನೆಟ್ಟಗ ಬರೂದಿಲ್ಲ ನಿಂಗ" ಎಂದು, ಸೆರಗು ಸಿಗಿಸಿಕೊಂಡು, ಹೊಳೆ ದಾಟುವವಳಂತೆ ನಿರಿಗೆ ತುಸು ಎತ್ತಿ ಹಿಡಿದು ಒಳಗೆ ಹೋದಳು.

ಒಳಗೆ ಹೋದವಳು ಹೊರಗೂ ಬರಬಹುದಲ್ಲ. ನಾನು ಚಹಾದಂಗಡಿಗೆ ಹೋಗಲಿಲ್ಲ. ಹಿಂದೆ ಒಮ್ಮೆ ಪ್ರಯೋಗ ನಡೆದಿತ್ತು, ಆ ಒಮ್ಮೆ ಅವಳು ಓಡಿದ್ದಳು. ಒಂದೇ ಪ್ರಯೋಗದಿಂದ ಏನನ್ನೂ ತೀರ್ಮಾನಿಸಬಾರದೆಂದು ವರ್ಷವಿಡೀ ವಿದ್ಯಾರ್ಥಿಗಳಿಗೆ ಹೇಳುವವನು ಆ ಬೆಳಿಗ್ಗೆ ಪೂರ್ತಿ ಅದೊಂದನ್ನೇ ಹಿಡಿದು ಕೂತಿದ್ದೆ. ಆಮೇಲೆ ಈ ಸಾಲೆಗೆ ಹಿಂದೆಯೂ ಒಂದು ಬಾಗಿಲಿದ್ದರೆ ಎಂಬ ಯೋಚನೆ ಬಂತು. ಕಂಪೌಂಡು ಸುತ್ತಿ ನೋಡಿದೆ. ಇತ್ತು. ಎರಡೂ ಗೇಟು ಒಟ್ಟಿಗೆ ಕಾಣುವ ಜಾಗವನ್ನು ಹುಡುಕಿದೆ. ಅದು ಮೂಲೆಯ ಒಂದು ವಿದ್ಯುತ್ ಕಂಬದ ಬುಡ. ನೆರಳಿಲ್ಲ. ಅಲ್ಲೇ ನಿಂತೆ. ರಸ್ತೆಯಲ್ಲಿ ಬಸ್ಸು ಹೋದಾಗಲೆಲ್ಲ ಕಿಟಕಿಗಳನ್ನು ಒಂದೊಂದಾಗಿ ನೋಡಿದೆ. ಅವಳು ಅದರಲ್ಲಿರುವ ಸಂಭವನೀಯತೆ ಸೊನ್ನೆ ಎಂದು ಗೊತ್ತಿದ್ದೂ ನೋಡಿದೆ.

ಎರಡು ತಾಸು ಕಳೆದ ಮೇಲೆ ಹುಡುಗರು ಒಬ್ಬೊಬ್ಬರೇ ಹೊರಬರತೊಡಗಿದರು. ಪ್ರತಿ ಸಲ ಗೇಟು ಕಿರುಗುಟ್ಟಿದಾಗ ಕತ್ತು ಚಾಚಿ ನೋಡುತ್ತಿದ್ದೆ. ಸೀರೆಯ ಅಂಚು ಕಾಣಲಿಲ್ಲ. ಕೊನೆಗೆ ಒಳಗೆ ಮಕ್ಕಳಿಗೆ ನೀರು ಕೊಡುತ್ತಿದ್ದ ಹೆಂಗಸು ಕೊಡ ಹಿಡಿದು ಹೊರಗಿನ ನಳಕ್ಕೆ ಬಂದಳು. ಬಿಸಿಲಲ್ಲಿ ಕಂಬ ಹಿಡಿದು ನಿಂತವನನ್ನು ಕಂಡು, ಒಳಗ ನಿಮ್ಮ ಮಂದಿ ಯಾರರೆ ಅದಾರೇನ್ರಿ ಎಂದು ಕೇಳಿದಳು. ಅಕ್ಕ ಎಂದೆ.

"ಕನ್ನಡಕದ ಅಕ್ಕಾರೇನು? ಈಗ ಮತ್ತೊಂದ ಹಾಳಿ ಇಸಗೊಂಡ್ರು ನೋಡ್ರಿ. ನೀರ ಬೇಕೇನ್ರಿ ಅಂದ್ರ ಸುಮ್ಮ ಕೈ ಮಾಡಿದ್ರು. ತಲಿನ ಎತ್ತವಲ್ರು."

ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಎರಡೂ ಗೇಟು ಕಾಣುತ್ತಿದ್ದ ಆ ಜಾಗವನ್ನು ಬಿಟ್ಟೆ. ಒಂದೂ ಕಾಣದಂತೆ ಚಹಾದಂಗಡಿಯ ಬೆಂಚಿನ ಮೇಲೆ ಸಾಲೆಗೆ ಬೆನ್ನು ಮಾಡಿ ಕೂತು, ಒಂದು ಚಹಾ ಹೇಳಿದೆ.